ಪಟರ್ ತೂಕ ಎಷ್ಟು ಅಂತ ಕೇಳಬೇಡಿ, ಎಲ್ಲಿದೆ ಅಂತ ಕೇಳಿ

ಮಾನ್ಯ ಸಂಪಾದಕರೇ,

ಹೊಸೂರಿನಿಂದ ಬರೆಯುತ್ತಿದ್ದೇನೆ. ಅತ್ತಿಬೆಲೆ ದಾಟಿದರೆ ನಮ್ಮೂರು. ನಿಮ್ಮ ಪತ್ರಿಕೆ ಇಲ್ಲಿಗೆ ಬೆಳಗಿನ ಬಸ್ಸಲ್ಲಿ ಬರುತ್ತದೆ. ಎಂಟು ಗಂಟೆ ಮೇಲೆ ಹೋದರೆ ಅಂಗಡಿಯಲ್ಲಿ ಸಿಗುವುದಿಲ್ಲ, ಅಷ್ಟು ಜನ ಇದ್ದೇವೆ ಇಲ್ಲಿ ಕನ್ನಡ ಓದುವವರು. ಹೋದ ವಾರ ಕ್ರೀಡಾ ಪುಟದ ಮೂಲೆಯಲ್ಲಿ ಹೊಸದಾಗಿ ಗಾಲ್ಫ್ ಕಲಿಯುವವರಿಗೆ ಅಂತ ಒಂದು ಪುಟ್ಟ ಬರಹ ಹಾಕಿದ್ದಿರಿ. ಪಟರ್ (ಚೆಂಡನ್ನು ಗುಳಿಗೆ ಉರುಳಿಸುವ ಕೋಲು) ಭಾರ ಇದ್ದಷ್ಟೂ ಸ್ಥಿರವಾಗಿರುತ್ತದೆ, ಕೊಳ್ಳುವಾಗ ಭಾರದ್ದನ್ನೇ ನೋಡಿ ಕೊಳ್ಳಿ ಅಂತ ಅದರಲ್ಲಿ ಇತ್ತು. ಅದು ತಪ್ಪು. ಪೂರ್ತಿ ತಪ್ಪಲ್ಲ, ಅರ್ಧ ತಪ್ಪು. ಅರ್ಧ ತಪ್ಪಿನದೇ ಕಾಟ ಜಾಸ್ತಿ, ಯಾಕೆಂದರೆ ಕೇಳಿದ ತಕ್ಷಣ ಹೌದಲ್ವಾ ಅನ್ನಿಸಿಬಿಡುತ್ತದೆ. ಇದೇ ಮಾತನ್ನು ನಂಬಿ ನಮ್ಮ ಮನೆಯಲ್ಲಿ ಒಂಬತ್ತು ಸಾವಿರ ರೂಪಾಯಿ ಹೋಗಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಗಾಲ್ಫ್ ಆಡುವವನಲ್ಲ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್ ಮೇಲೆ 26 ವರ್ಷ ಕಳೆದಿದ್ದೇನೆ. ಈಗ ಒಂದು ಸೆಕೆಂಡ್ ಹ್ಯಾಂಡ್ ವಿಎಂಸಿ (ಕಂಪ್ಯೂಟರಿನಿಂದ ನಡೆಯುವ ಮಿಲ್ಲಿಂಗ್ ಮೆಷಿನ್) ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತೇನೆ. ಗಾಡಿ ಕಂಪನಿಗಳಿಗೆ ಬ್ರಾಕೆಟ್ಟು, ಬುಷ್ಷು, ಫಿಕ್ಸ್‌ಚರ್ರು, ಇಂಥವು. ಗಾಲ್ಫ್ ನಮ್ಮ ಮನೆಗೆ ಬಂದಿದ್ದು ಅಣ್ಣನ ಮಗನಿಂದ. ಅವನು ಬೆಂಗಳೂರಿನ ಒಂದು ಕೋರ್ಸಿನಲ್ಲಿ ಕ್ಯಾಡಿ. ವಾರವೆಲ್ಲ ಬೇರೆಯವರ ಬ್ಯಾಗ್ ಹೊರುತ್ತಾನೆ, ಸೋಮವಾರ ಕ್ಯಾಡಿಗಳಿಗೆ ಆಡೋಕೆ ಬಿಡುತ್ತಾರೆ, ಆ ಒಂದು ದಿನಕ್ಕಾಗಿ ಆರು ದಿನ ಬದುಕುತ್ತಾನೆ. ಅವನಿಗೆ ಒಬ್ಬ ಮೆಂಬರ್ರು ತಮ್ಮ ಹಳೇ ಪಟರ್ ಕೊಟ್ಟಿದ್ದರು. ಹಿಡಿ ಸವೆದು ಹೋಗಿತ್ತು, ಆದರೂ ಚೆನ್ನಾಗೇ ನಡೆಯುತ್ತಿತ್ತು. ಒಂದು ಅಂಗಡಿಯವರು ಅವನ ತಲೆ ಕೆಡಿಸಿದರು. "ಇದು ತೆಳ್ಳಗಿದೆ, ಅಲುಗಾಡುತ್ತೆ, ನೋಡು ಇದು ಹೆವಿ, ಬಂಡೆ ಥರ ನಿಲ್ಲುತ್ತೆ" ಅಂತ ಹೇಳಿ ಹೊಸದೊಂದು ಮಾರಿದರು. ಎರಡು ತಿಂಗಳು ಅದರಲ್ಲಿ ಆಡಿದ. ಪಟ್‌ಗಳೆಲ್ಲ, ಅಂದರೆ ಪಟರ್‌ನ ಹೊಡೆತಗಳೆಲ್ಲ, ಬಲಕ್ಕೆ. ಒಂದು ಭಾನುವಾರ ಎರಡನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನ ಶಾಪಿಗೆ ಬಂದ. "ಚಿಕ್ಕಪ್ಪ, ಇದರಲ್ಲಿ ಏನೋ ಐಬು ಇದೆ, ನೋಡಿ" ಅಂದ.

ಗೊತ್ತಿಲ್ಲದವರಿಗೆ ಎರಡು ಮಾತು. ಗ್ರೀನ್ ಅಂತ ಕರೆಯುವ ನುಣುಪು ಹುಲ್ಲಿನ ಮೇಲೆ ಚೆಂಡನ್ನು ಉರುಳಿಸಿ ಗುಳಿಗೆ ಬೀಳಿಸೋಕೆ ಬಳಸುವ ಕೋಲು ಪಟರ್. ಬಾಕಿ ಕೋಲುಗಳು ಚೆಂಡನ್ನು ಎತ್ತಿ ಒಗೆಯೋಕೆ. ನೋಡೋಕೆ ದೊಡ್ಡ ಹೊಡೆತವೇ ಆಟ ಅನ್ನಿಸುತ್ತದೆ. ಆದರೆ 18 ಗುಳಿ, 72 ಹೊಡೆತದ ಕೋರ್ಸಿನಲ್ಲಿ ಲೆಕ್ಕದ ಪ್ರಕಾರ ಗುಳಿಗೆ ಎರಡರಂತೆ 36 ಹೊಡೆತ ಪಟರ್‌ದೇ. ಅಂದರೆ ಅರ್ಧ ಆಟ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದಾಗ ಕಂಚಿಗೂ ಅವರಿಗೂ ನಡುವೆ ಇದ್ದದ್ದು ಒಂದೇ ಒಂದು ಹೊಡೆತ. ಆವತ್ತು ಬೆಳಗ್ಗೆ ನಮ್ಮ ಶಾಪಿನ ಹುಡುಗರು ಕೂಡ ಮೊಬೈಲ್ ಮುಂದೆ ಕೂತಿದ್ದರು. ಗಾಲ್ಫ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ ಯಾರಿಗೂ.

ಈಗ ಐಬಿನ ವಿಷಯಕ್ಕೆ ಬರುತ್ತೇನೆ. ಮೊದಲು ಶಾಪಿನ ನೆಲದ ಮೇಲೆ ಬಳಪದಲ್ಲಿ ಮೂರು ಮೀಟರ್ ಉದ್ದಕ್ಕೆ ನೇರ ಗೆರೆ ಹಾಕಿದೆ. ಅದೇ ಜಾಗದಿಂದ ಒಂದು ಡಿಗ್ರಿ ಓರೆಯಾಗಿ ಇನ್ನೊಂದು ಗೆರೆ. ಕೊನೆಯಲ್ಲಿ ಎರಡು ಗೆರೆಯ ಮಧ್ಯೆ ಟೇಪ್ ಹಿಡಿದರೆ 52 ಮಿಲಿಮೀಟರ್. ಗಾಲ್ಫ್ ಗುಳಿಯ ಅಗಲ 108 ಮಿಲಿಮೀಟರ್, ಅದರ ಅರ್ಧ 54. ಅಂದರೆ ಮೂರು ಮೀಟರ್ ದೂರದಿಂದ ನಡುಗುಳಿಗೆ ಗುರಿಯಿಟ್ಟು ಒಂದೇ ಡಿಗ್ರಿ ತಪ್ಪಿದರೆ ಚೆಂಡಿನ ನಡುಭಾಗ ಗುಳಿಯ ಅಂಚಿಗೆ ಬಂತು, ಮೆಲ್ಲಗೆ ಬಂದಿದ್ದರೆ ಬೀಳುತ್ತದೆ, ಇಲ್ಲದಿದ್ದರೆ ಇಲ್ಲ. ಎರಡು ಡಿಗ್ರಿ ತಪ್ಪಿದರೆ ಮಾತೇ ಇಲ್ಲ. ನಮ್ಮ ಕೆಲಸದಲ್ಲಿ ಒಂದು ಡಿಗ್ರಿ ಅಂದರೆ ದೊಡ್ಡ ತಪ್ಪು, ಜಾಬ್ ರಿಜೆಕ್ಟ್. ಆದರೆ ಕೈಯಲ್ಲಿ ಕೋಲು ಹಿಡಿದವನಿಗೆ ಒಂದು ಡಿಗ್ರಿ ಕಣ್ಣಿಗೇ ಕಾಣುವುದಿಲ್ಲ.

ಪಟರ್ ಮುಖದ ಸರಿ ಮಧ್ಯಕ್ಕೆ ಚೆಂಡು ಬಡಿದರೆ ತೊಂದರೆ ಇಲ್ಲ. ಮಧ್ಯ ಬಿಟ್ಟು ತುದಿ ಕಡೆ, ಅವರ ಭಾಷೆಯಲ್ಲಿ ಟೋ ಕಡೆ, ಒಂದು ಸೆಂಟಿಮೀಟರ್ ಆಚೆ ಬಡಿಯಿತು ಅಂದುಕೊಳ್ಳಿ. ಚೆಂಡು ಆ ತುದಿಯನ್ನು ಹಿಂದಕ್ಕೆ ದೂಡುತ್ತದೆ. ಪಟರ್ ತಲೆ ಕೂದಲೆಳೆಯಷ್ಟು ತಿರುಗುತ್ತದೆ, ಮುಖ ಬಲಕ್ಕೆ ತೆರೆದುಕೊಳ್ಳುತ್ತದೆ, ಚೆಂಡಿನ ಓಟವೂ ಕಮ್ಮಿಯಾಗುತ್ತದೆ. ಬಲಕ್ಕೂ ಹೋಗುತ್ತದೆ, ಗುಳಿ ಮುಟ್ಟದೆ ನಿಂತೂ ಬಿಡುತ್ತದೆ. ಅಣ್ಣನ ಮಗ ಹೇಳುತ್ತಿದ್ದದ್ದೂ ಇದನ್ನೇ.

ಹಾಗಾದರೆ ಈ ತಿರುಗುವಿಕೆಯನ್ನು ತಡೆಯುವುದು ಯಾವುದು? ಬರೀ ತೂಕ ಅಲ್ಲ. ತಮಿಳುನಾಡಿನಲ್ಲಿ ಇರುವವನಾದ್ದರಿಂದ ಕಾವಡಿಯ ಲೆಕ್ಕದಲ್ಲೇ ಹೇಳುತ್ತೇನೆ. ಹೆಗಲ ಮೇಲೆ ಉದ್ದನೆಯ ಬಿದಿರು, ಎರಡು ತುದಿಗೂ ಒಂದೊಂದು ಕೊಡ ನೀರು. ಈಗ ಹಿಂದಿನಿಂದ ಯಾರೋ ಕರೆದರು ಅಂತ ಸರಕ್ಕನೆ ತಿರುಗಿ ನೋಡಿ. ಆಗಲ್ಲ. ಕಾವಡಿ ನಿಮ್ಮನ್ನು ಬಿಡುವುದಿಲ್ಲ. ಅದೇ ಎರಡು ಕೊಡವನ್ನು ಎದೆಗೆ ಅವಚಿಕೊಂಡು ತಿರುಗಿ, ಸಲೀಸು. ನೀರು ಅಷ್ಟೇ, ಕೊಡ ಅಷ್ಟೇ, ತೂಕ ಒಂದು ಗ್ರಾಂ ಬದಲಾಗಿಲ್ಲ. ಬದಲಾಗಿದ್ದು ತೂಕ ನಡುವಿನಿಂದ ಎಷ್ಟು ದೂರ ಇದೆ ಅನ್ನೋದು. ಇಂಜಿನಿಯರ್‌ಗಳು ಇದಕ್ಕೆ ಎಂಒಐ (ಮೊಮೆಂಟ್ ಆಫ್ ಇನರ್ಷಿಯಾ) ಅನ್ನುತ್ತಾರೆ. ನಾನು ಹಠ ಅನ್ನುತ್ತೇನೆ. ತಿರುಗೋಕೆ ಒಪ್ಪದ ಹಠ. ತೂಕವನ್ನು ಎರಡರಷ್ಟು ಮಾಡಿದರೆ ಹಠ ಎರಡರಷ್ಟಾಗುತ್ತದೆ. ಅದೇ ತೂಕವನ್ನು ಎರಡರಷ್ಟು ದೂರ ಸರಿಸಿದರೆ ಹಠ ನಾಲ್ಕರಷ್ಟು. ನಿಮ್ಮ ಬರಹದಲ್ಲಿ ಬಿಟ್ಟುಹೋದದ್ದು ಈ ಎರಡನೇ ವಾಕ್ಯ.

ಇದನ್ನು ಮೊದಲು ಪಟರ್‌ಗೆ ಗಟ್ಟಿಯಾಗಿ ತಂದವರು ಕಾರ್ಸ್ಟನ್ ಸೋಲ್‌ಹೈಮ್ ಅನ್ನುವವರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಮೊದಲು ಚಪ್ಪಲಿ ಶೂ ಹೊಲಿಯುವ ಕೆಲಸ, ಆಮೇಲೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಇಂಜಿನಿಯರ್. ನಲವತ್ತು ದಾಟಿದ ಮೇಲೆ ಗಾಲ್ಫ್ ಶುರು ಮಾಡಿ, ಪಟ್ ಬೀಳದೆ ರೋಸಿ, 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ತಮ್ಮದೇ ಪಟರ್ ಮಾಡಿಕೊಂಡರು. ನಡುವೆ ಲೋಹ ಕಡಿಮೆ, ಎರಡು ತುದಿಗೆ ಜಾಸ್ತಿ. ಚೆಂಡಿಗೆ ಹೊಡೆದಾಗ ಪಿಂಗ್ ಅಂತ ಸದ್ದು ಬಂತು ಅಂತ ಅದೇ ಹೆಸರಿಟ್ಟರು. 1966ರಲ್ಲಿ ಅವರಿಗೆ ಹೊಳೆದ ಆನ್ಸರ್ ಅನ್ನುವ ಮಾದರಿಯನ್ನು ಕೈಗೆ ಸಿಕ್ಕ ಗ್ರಾಮಫೋನ್ ರೆಕಾರ್ಡಿನ ಕವರ್ ಮೇಲೆ ಬರೆದಿಟ್ಟರಂತೆ. ನಮ್ಮ ಶಾಪಿನಲ್ಲೂ ಮುಖ್ಯವಾದ ಡ್ರಾಯಿಂಗುಗಳೆಲ್ಲ ಬೀಡಿ ಪ್ಯಾಕಿನ ಮೇಲೇ ಇರುವುದು, ಹಾಗಾಗಿ ಇದನ್ನು ನಾನು ನಂಬುತ್ತೇನೆ. ಆ ಪೇಟೆಂಟ್ ಮುಗಿದು ಎಷ್ಟೋ ಕಾಲ ಆಯಿತು. ಇವತ್ತು ಅಂಗಡಿಗೆ ಹೋದರೆ ಕಾಣುವ ತೆಳು ಪಟರ್‌ಗಳಲ್ಲಿ ಎಷ್ಟೋ ಅದರ ಮಕ್ಕಳು, ಮೊಮ್ಮಕ್ಕಳು.

ಆವತ್ತು ಭಾನುವಾರ ಶಾಪಿನಲ್ಲಿ ನಾವು ಮಾಡಿದ್ದು ಇಷ್ಟು. ಎರಡೂ ಪಟರ್‌ಗಳ ಕತ್ತಿಗೆ ಹಾಟ್ ಏರ್ ಗನ್ ಹಿಡಿದೆವು. ಒಳಗಿನ ಅಂಟು ಬಿಸಿಗೆ ಮೆತ್ತಗಾಗಿ ತಲೆ ಕಳಚಿ ಬಂತು. ತಕ್ಕಡಿಗೆ ಹಾಕಿದರೆ ಮೆಂಬರ್ ಕೊಟ್ಟ ಹಳೆಯದು 340 ಗ್ರಾಂ, ಅಂಗಡಿಯ ಹೊಸದು 385. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಭಾರ ಇದೆ. ಆಮೇಲೆ ಒಂದು ಮೀಟರ್ ತೆಳು ಸ್ಟೀಲ್ ತಂತಿಯನ್ನು ಚೈನ್ ಪುಲ್ಲಿ ಕೊಕ್ಕೆಗೆ ಕಟ್ಟಿ, ತುದಿಗೆ ಸಣ್ಣ ತೊಟ್ಟಿಲು ಮಾಡಿ, ತಲೆಯನ್ನು ಅದರಲ್ಲಿ ಸಮವಾಗಿ ಕೂರಿಸಿದೆವು. ಕಾಲು ಸುತ್ತು ತಿರುಗಿಸಿ ಕೈಬಿಟ್ಟರೆ ಅದು ಅತ್ತ ಇತ್ತ ತಿರುಗುತ್ತಾ ಇರುತ್ತದೆ. ಹಠ ಜಾಸ್ತಿ ಇರುವುದು ನಿಧಾನ ತಿರುಗುತ್ತದೆ. ಹತ್ತು ಸಲ ತಿರುಗೋಕೆ ಭಾರದ್ದು ತೆಗೆದುಕೊಂಡಿದ್ದು 31 ಸೆಕೆಂಡು. ಹಳೆಯದು 36. ನಾಲ್ಕು ಸಲ ನೋಡಿದೆವು, ಅದೇ ಬಂತು. ಹಠ ಈ ಸಮಯದ ವರ್ಗದ (ಸಮಯ ಗುಣಿಸು ಸಮಯ) ಲೆಕ್ಕದಲ್ಲಿ ಹೋಗುವುದರಿಂದ, 45 ಗ್ರಾಂ ಹಗುರ ಇರುವ ಹಳೇ ಪಟರ್ ಹೊಸದಕ್ಕಿಂತ ಸುಮಾರು ಮೂರನೇ ಒಂದು ಪಾಲು ಜಾಸ್ತಿ ಸ್ಥಿರ. ಕಾರಣ ಕಣ್ಣೆದುರಿಗೇ ಇತ್ತು. ಹಳೆಯದರಲ್ಲಿ ಹಿಂದೆ ನಡುವೆ ಹಳ್ಳ ತೋಡಿ ಎರಡು ತುದಿಗೆ ಲೋಹ ಬಿಟ್ಟಿದ್ದರು. ಹೊಸದರಲ್ಲಿ ನಡುವೆ ಒಂದು ದೊಡ್ಡ ಗಡ್ಡೆ, ತುದಿಗಳು ತೆಳ್ಳಗೆ. ಎದೆಗೆ ಅವಚಿಕೊಂಡ ಕೊಡ.

ಹುಡುಗ ಮಾತಾಡಲಿಲ್ಲ. ಒಂಬತ್ತು ಸಾವಿರ ಅಂದರೆ ಅವನಿಗೆ ಎಷ್ಟು ದಿನದ ದುಡಿಮೆ ಅಂತ ನನಗೆ ಗೊತ್ತು.

ಇದಾದ ಮೇಲೆ ನಮಗೂ ಹಠ ಬಂತು. ಕೈಗಡಿಯಾರದಿಂದ ಲಾರಿವರೆಗೆ ತಯಾರಾಗುವ ಊರು ನಮ್ಮದು, ಒಂದು ಪಟರ್ ತಲೆ ಆಗಲ್ವಾ? 6061 ಅಲ್ಯೂಮಿನಿಯಂ ಬ್ಲಾಕ್ ಒಂದು ಮಿಕ್ಕಿತ್ತು. ಉಕ್ಕಿನ ಮೂರನೇ ಒಂದು ಭಾಗದಷ್ಟೇ ತೂಕ ಅದು, ಹಾಗಾಗಿ ಮೈಯೆಲ್ಲ ಅದರಲ್ಲಿ ಮಾಡಿ, ಉಳಿಸಿದ ತೂಕವನ್ನು ಉಕ್ಕಿನ ತುಂಡುಗಳಲ್ಲಿ ಮೂಲೆಗಳಿಗೆ ಹಾಕೋಣ ಅಂತ ಯೋಚನೆ. ನನ್ನ ಮೊದಲ ಡ್ರಾಯಿಂಗ್ ಚೇಳಿನ ಥರ ಇತ್ತು, ಹಿಂದಕ್ಕೆ ಉದ್ದ ಎರಡು ಕೊಂಡಿ. ಹುಡುಗ ನೋಡಿ ನಕ್ಕ. ನಿಯಮ ಬೇರೆ ಇದೆಯಂತೆ: ತಲೆಯ ಅಗಲ ಹಿಂದು ಮುಂದಿನ ಉದ್ದಕ್ಕಿಂತ ಜಾಸ್ತಿಯೇ ಇರಬೇಕು, ಅಗಲ ಏಳು ಇಂಚು ಮೀರಬಾರದು, ಎತ್ತರ ಎರಡೂವರೆ ಇಂಚು ಮೀರಬಾರದು. ಇಲ್ಲದಿದ್ದರೆ ನಮ್ಮಂಥವರು ಗೇಟಿನಷ್ಟು ಅಗಲದ ಪಟರ್ ಮಾಡಿ ಕೊಡುತ್ತಿದ್ದೆವು. ಕೊನೆಗೆ 100 ಮಿಲಿಮೀಟರ್ ಅಗಲ, 65 ಉದ್ದ, 25 ಎತ್ತರ ಅಂತ ಇಟ್ಟುಕೊಂಡು, ಮೂರರಲ್ಲಿ ಎರಡು ಪಾಲು ಲೋಹವನ್ನು ಒಳಗಿಂದ ಕೊರೆದು ತೆಗೆದೆವು. ನಾಲ್ಕು ಮೂಲೆಗೆ 20 ಎಂಎಂ ರೌಂಡ್ ಬಾರಿನ 20 ಎಂಎಂ ತುಂಡುಗಳು, ಒಂದೊಂದು 49 ಗ್ರಾಂ. ಒಟ್ಟು ತಲೆ 360 ಗ್ರಾಂ ಹತ್ತಿರ ಬಂತು, ಅಂಗಡಿಯದಕ್ಕಿಂತ ಹಗುರ. ತಂತಿಗೆ ಕಟ್ಟಿ ಬಿಟ್ಟರೆ ಹತ್ತು ಸುತ್ತಿಗೆ 45 ಸೆಕೆಂಡು. ಅಂಗಡಿಯದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಹಠ.

ಇಷ್ಟಕ್ಕೇ ಗೆದ್ದೆವು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲ ಸೋಮವಾರ ಹುಡುಗ ತಂದು ವಾಪಸ್ ಇಟ್ಟ. ಒಂದು, ತೂಕದ ಸ್ಕ್ರೂ ಸಡಿಲವಾಗಿ ಪ್ರತಿ ಹೊಡೆತಕ್ಕೂ ಒಳಗೆ ಗಿಲಿಗಿಲಿ ಸದ್ದು, ಜೊತೆಯವರು ಗಿಲಕಿ ಅಂತ ಹೆಸರಿಟ್ಟರಂತೆ. ಅದು ಥ್ರೆಡ್ಡಿಗೆ ಅಂಟು ಹಾಕಿ ಬಿಗಿದರೆ ಮುಗಿಯಿತು. ಎರಡನೆಯದು ನಿಜವಾದ ತೊಂದರೆ. ಅವನ ಹಳೇ ಪಟರ್‌ನ ಕೋಲನ್ನು ಬೆರಳ ಮೇಲೆ ಅಡ್ಡ ಇಟ್ಟು ತೂಗಿದರೆ ತಲೆಯ ತುದಿ ನೆಲದ ಕಡೆ ಜೋಲುತ್ತಿತ್ತು. ನಾನು ಮಾಡಿದ್ದು ಹಾಗೆ ಇಟ್ಟರೆ ಮುಖ ಸೀದಾ ಆಕಾಶ ನೋಡುತ್ತಿತ್ತು. ಕೋಲಿನ ಗೆರೆ ತಲೆಯ ತೂಕದ ನಡುವಿನ ಸೀದಾ ಮುಂದೆ, ಮುಖದ ಕಡೆಯಲ್ಲಿ ಹಾದುಹೋದರೆ ಹೀಗಾಗುತ್ತದೆ. ಅದು ತಪ್ಪಲ್ಲ, ನೇರ ಹಿಂದೆ ನೇರ ಮುಂದೆ ಬೀಸುವವರಿಗೆ ಅದೇ ಚೆಂದ. ಆದರೆ ಇವನ ಬೀಸು ಕಮಾನಿನ ಥರ, ಹಿಂದೆ ಹೋಗುವಾಗ ಮುಖ ಸ್ವಲ್ಪ ತೆರೆದು, ಬರುವಾಗ ಮುಚ್ಚಿಕೊಳ್ಳಬೇಕು. ಜೋಲುವ ತಲೆ ಆ ಬೀಸಿಗೆ ತಾನೇ ಜೊತೆಗೆ ಬರುತ್ತದೆ. ನನ್ನದು ಬರಲಿಲ್ಲ. ತೆರೆದ ಮುಖ ತೆರೆದೇ ಉಳಿಯಿತು. ಹಠ ಜಾಸ್ತಿ ಆದರೆ ಅದೂ ಒಂದು ಕಷ್ಟ ನೋಡಿ, ಸರಿಯಾಗಿರುವಾಗ ಕೆಡೋಕೆ ಬಿಡಲ್ಲ, ಕೆಟ್ಟ ಮೇಲೆ ಸರಿಯಾಗೋಕೂ ಬಿಡಲ್ಲ. ಕೋಲು ಕೂರುವ ತೂತನ್ನು ಹೀಲ್ ಕಡೆಗೆ, ಅಂದರೆ ಆಡುವವನ ಹತ್ತಿರದ ತುದಿ ಕಡೆಗೆ, 15 ಮಿಲಿಮೀಟರ್ ಸರಿಸಿ ಎರಡನೇ ತಲೆ ಮಾಡಿದ ಮೇಲೆ ಅವನ ಮುಖ ಸ್ವಲ್ಪ ಅರಳಿತು.

ದೊಡ್ಡವರೂ ಇದನ್ನೇ ಹುಡುಕುತ್ತಿದ್ದಾರೆ, ಕಾಸು ಮಾತ್ರ ಬೇರೆ. ಸ್ಕಾಟಿ ಶೆಫ್ಲರ್ ವಿಶ್ವದ ನಂಬರ್ ಒನ್ ಆಗಿದ್ದೂ ಪಟ್ ಬೀಳದೆ ಒದ್ದಾಡಿ, 2024ರ ಮಾರ್ಚಿನಲ್ಲಿ ತೆಳು ಪಟರ್ ಬಿಟ್ಟು ಸ್ಪೈಡರ್ ಅನ್ನುವ ಅಗಲ ತಲೆಯ ಪಟರ್ ಹಿಡಿದರು, ಅದೇ ವಾರ ಗೆದ್ದರು. ಹೋದ ವರ್ಷಗಳಲ್ಲಿ ಇನ್ನೊಂದು ಬಗೆ ಬಂದಿದೆ, ಜೀರೋ ಟಾರ್ಕ್ ಅನ್ನುತ್ತಾರೆ. ಬೀಸುವಾಗ ತಲೆ ತಾನಾಗಿ ತೆರೆಯೋಕೂ ನೋಡಲ್ಲ, ಮುಚ್ಚೋಕೂ ನೋಡಲ್ಲ, ಹಾಗೆ ಕೋಲನ್ನು ಕೂರಿಸಿರುತ್ತಾರೆ. ಲ್ಯಾಬ್ ಕಂಪನಿಯ ಅಂಥ ಪಟರ್ ಹಿಡಿದು ಜೆ.ಜೆ. ಸ್ಪಾನ್ 2025ರ ಯುಎಸ್ ಓಪನ್ ಗೆದ್ದರು, ಕೊನೇ ಗುಳಿಯಲ್ಲಿ 64 ಅಡಿ ದೂರದಿಂದ ಬೀಳಿಸಿ. ನೋಡೋಕೆ ಇಸ್ತ್ರಿ ಪೆಟ್ಟಿಗೆ ಥರ ಇದೆ ಅದು. ಹಾಗಂತ ಅದನ್ನು ಕೊಂಡವರೆಲ್ಲ 64 ಅಡಿಯಿಂದ ಬೀಳಿಸುತ್ತಾರೆ ಅಂತಲ್ಲ. ಕೈಯೇ ಎರಡು ಡಿಗ್ರಿ ತಪ್ಪಿಸಿ ತಂದರೆ ಯಾವ ಪಟರ್ ಏನು ಮಾಡುತ್ತೆ? ಮಧ್ಯ ಬಿಟ್ಟು ಬಡಿದಾಗ ಆಗುವ ನಷ್ಟ ಕಮ್ಮಿ ಮಾಡುತ್ತದೆ, ಅಷ್ಟೇ. ಇದನ್ನೂ ನಿಮ್ಮ ಬರಹದಲ್ಲಿ ಹೇಳಬೇಕಿತ್ತು.

ಈ ಕಾಗದ ಇಷ್ಟು ಉದ್ದ ಬರೆಯೋಕೆ ಒಂದು ಕಾರಣ ಇದೆ. ಗಾಲ್ಫ್ ಅಂದರೆ ದುಡ್ಡಿರುವವರ ಆಟ, ಅವರು ಇಂಗ್ಲಿಷ್ ಪತ್ರಿಕೆ ಓದಿಕೊಳ್ಳುತ್ತಾರೆ, ಕನ್ನಡದಲ್ಲಿ ಮೂಲೆಯಲ್ಲಿ ಏನೋ ಒಂದು ಹಾಕಿದರಾಯಿತು ಅಂತ ನೀವು ಅಂದುಕೊಂಡಿರಬಹುದು. ಬೆಂಗಳೂರಿನ ಕೋರ್ಸುಗಳಲ್ಲಿ ಬ್ಯಾಗ್ ಹೊರುವ, ಹುಲ್ಲು ಕತ್ತರಿಸುವ ಹುಡುಗರಲ್ಲಿ ಎಷ್ಟೋ ಜನ ಕನ್ನಡ ಓದುವವರು. ನಮ್ಮ ಕಡೆಯ ಹಳ್ಳಿಗಳಿಂದ ದಿನಾ ಬೆಳಗಿನ ಜಾವ ಬಸ್ ಹತ್ತುವವರೂ ಇದ್ದಾರೆ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರೇ ಅಲ್ವಾ? ಆ ಮೂಲೆಯ ಬರಹವನ್ನು ಯಾರು ಓದುತ್ತಾರೋ ಬಿಡುತ್ತಾರೋ, ಈ ಹುಡುಗರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ನನ್ನ ಅಣ್ಣನ ಮಗನ ಪರ್ಸಿನಲ್ಲಿ ನಿಮ್ಮ ಪತ್ರಿಕೆಯ ಎರಡು ತುಂಡು ಇವೆ. ಹೋದ ವಾರದ್ದನ್ನು ನಾನೇ ಇಡೋಕೆ ಬಿಡಲಿಲ್ಲ.

ಹಾಗಾಗಿ ಒಂದು ತಿದ್ದುಪಡಿ ಹಾಕಿ. ಎರಡೇ ಸಾಲು ಸಾಕು. ಪಟರ್ ಕೊಳ್ಳುವ ಮುಂಚೆ ತಲೆಯನ್ನು ತಿರುಗಿಸಿ ಹಿಂಭಾಗ ನೋಡಿ, ಲೋಹ ನಡುವೆ ಗುಡ್ಡೆ ಬಿದ್ದಿದೆಯೋ ತುದಿ ಮೂಲೆಗಳಲ್ಲಿ ಇದೆಯೋ ಅಂತ. ಕೋಲನ್ನು ಬೆರಳ ಮೇಲೆ ಅಡ್ಡ ಇಟ್ಟು ತಲೆ ಜೋಲುತ್ತೋ ಆಕಾಶ ನೋಡುತ್ತೋ ಪರೀಕ್ಷಿಸಿ, ಅದು ನಿಮ್ಮ ಬೀಸಿಗೆ ಹೊಂದುತ್ತೋ ಕೇಳಿ. ಇದಕ್ಕೆ ತಕ್ಕಡಿಯೂ ಬೇಡ, ತಂತಿಯೂ ಬೇಡ, ಕಾಸೂ ಬೇಡ.

ನಮ್ಮದು ಈಗ ಮೂರನೇ ತಲೆ ಮೆಷಿನ್ ಮೇಲಿದೆ. ದುಬಾರಿ ಪಟರ್‌ಗಳಲ್ಲಿ ಮೂಲೆಗೆ ಟಂಗ್‌ಸ್ಟನ್ ಹಾಕುತ್ತಾರೆ, ಉಕ್ಕಿನ ಎರಡರಷ್ಟಕ್ಕಿಂತ ಜಾಸ್ತಿ ಭಾರ, ಅಷ್ಟು ಬೆಲೆ ನಮಗೆ ಆಗಲ್ಲ. ಆದರೆ ಲೋಹ ಕೊರೆದು ಸವೆದ ಕಾರ್ಬೈಡ್ ಎಂಡ್ ಮಿಲ್ಲುಗಳ ಹಿಡಿಗಳು ಒಂದು ಡಬ್ಬಿ ತುಂಬ ಬಿದ್ದಿದ್ದವು, ಗುಜರಿಗೆ ಕೊಡೋಕೆ ಇಟ್ಟಿದ್ದು. ಅದರಲ್ಲಿ ಇರುವುದೂ ಬಹುಪಾಲು ಟಂಗ್‌ಸ್ಟನ್ನೇ, ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು ತೂಕ. ಡೈಮಂಡ್ ವೀಲಿನಲ್ಲಿ ತುಂಡು ಮಾಡಿಸಿ ತಂದಿದ್ದೇನೆ. ಹುಡುಗ ಇವತ್ತು ಫೋನ್ ಮಾಡಿದ್ದ, ಎರಡನೇ ತಲೆಯಲ್ಲೂ ಪಟ್ ಬಲಕ್ಕೇ ತಪ್ಪುತ್ತಿದೆಯಂತೆ, ಆದರೆ ಮೊದಲಿನಷ್ಟು ದೂರ ಅಲ್ಲ, ಗುಳಿಯ ಅಂಚು ಸವರಿಕೊಂಡು ಹೋಗುತ್ತಿದೆ ಅಂದ. "ಚಿಕ್ಕಪ್ಪ, ಸೋಮವಾರದ ಒಳಗೆ ಮೂರನೆಯದು ಆಗುತ್ತಾ?" ಅಂತ ಕೇಳಿದ. ಕರೆಂಟು ಇದ್ದರೆ ಆಗುತ್ತೆ ಅಂದಿದ್ದೇನೆ.

ಇಂತಿ,
ನಿಮ್ಮ ಹಳೇ ಓದುಗ, ಒಬ್ಬ ಮಿಲ್ಲಿಂಗ್ ಮೆಷಿನಿನವನು
ಹೊಸೂರು, ಕೃಷ್ಣಗಿರಿ ಜಿಲ್ಲೆ